ಎರಡರಲ್ಲಿ ಯಾವುದನ್ನು ತೆಗೆಯೋದು?

ಮನೆ ಊಟದ ಕೋಣೆಯವರೆಗೆ ಚೆನ್ನಾಗಿಯೇ ಬಂತು. ಅಲ್ಲಿಂದ ಅಡುಗೆಮನೆಯ ಕಡೆ ತಿರುಗಿದ್ದೇ ತಡ, ಕಾಲು ಮುರಿದುಕೊಂಡು ಕೂತುಬಿಟ್ಟಿತು.

ನಿಜವಾದ ಮನೆಯಲ್ಲ ಅದು. ನಿಜವಾದ ಮನೆಗೆ ಇನ್ನೂ ಪಾಯವನ್ನೂ ತೋಡಿರಲಿಲ್ಲ. ಮನೆಗಳ ನಕ್ಷೆ ಮಾಡಿಕೊಡುವ ಆ ಪುಟ್ಟ ಕಚೇರಿಯಲ್ಲಿ ನಕ್ಷೆ ನೋಡಿ ಅದನ್ನು ಕಂಪ್ಯೂಟರಿನೊಳಗೆ ಕಟ್ಟುವುದು ಬಫರಣ್ಣನ ಕೆಲಸ. ಗಿರಾಕಿಗಳು ಕುರ್ಚಿಯಲ್ಲಿ ಕೂತೇ, ಕಟ್ಟದ ಮನೆಯಲ್ಲಿ ಓಡಾಡಿ, ಕಿಟಕಿ ಪರದೆಯ ಬಣ್ಣ ಸರಿಯಿಲ್ಲ ಎಂದು ಹೇಳಿ ಹೋಗಬಹುದಿತ್ತು. ಆದರೆ ಈಗಿನ ಗಿರಾಕಿಯಾದ ಟೈರ್ ವ್ಯಾಪಾರಿಯ ಮನೆಯ ಅಡುಗೆಮನೆಯಲ್ಲಿ ಬಫರಣ್ಣ ಫಳಫಳ ಹೊಳೆಯುವ ಪಾತ್ರೆಗಳನ್ನು ಧಾರಾಳವಾಗಿ ಜೋಡಿಸಿಬಿಟ್ಟಿದ್ದ. ಒಂದೊಂದು ಪಾತ್ರೆಯಲ್ಲೂ ಉಳಿದ ಪಾತ್ರೆಗಳು ಕಾಣಬೇಕು. ಅಷ್ಟು ಹೊಳಪನ್ನು ಹೊರುವ ಶಕ್ತಿ ಅವನ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡಿಗೆ ಇರಲಿಲ್ಲ.

ಬಫರಣ್ಣ ಎಂಬುದು ಕಚೇರಿಯವರು ಇಟ್ಟ ಹೆಸರು. ಏನಾದರೂ ಕೇಳಿದರೆ, ವಿಡಿಯೋ ಬಫರ್ ಆಗುವಾಗ ತಿರುಗುವ ಚಕ್ರದ ಹಾಗೆ ಅವನ ಕಣ್ಣುಗುಡ್ಡೆ ಮೊದಲು ಒಂದು ಸುತ್ತು ತಿರುಗುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು, ಉತ್ತರ ಬರುವ ಹೊತ್ತಿಗೆ ಕೇಳಿದವರು ಬೇರೆ ಕೋಣೆಯಲ್ಲಿರುತ್ತಿದ್ದರು. ನಾಲ್ಕು ವರ್ಷದಿಂದ ಅವನು ಅಲ್ಲಿ ಹಂಗಾಮಿ ನೌಕರ. ಯಜಮಾನರು ಪ್ರತಿ ವರ್ಷವೂ "ಈ ಸಲ ನಿನ್ನ ಖಾಯಂ ಮಾಡಿಬಿಡೋಣ" ಎನ್ನುತ್ತಿದ್ದರು, ಪ್ರತಿ ವರ್ಷವೂ ಮರೆಯುತ್ತಿದ್ದರು. ಮನೆಯಲ್ಲಿ ಅತ್ತೆ ಅವನನ್ನು ನೆಂಟರಿಗೆ ಪರಿಚಯಿಸುವಾಗ "ಇವರು ನಮ್ಮ ಹಂಗಾಮಿ ಅಳಿಯಂದಿರು" ಎಂದು ಹೇಳಿ ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಬಫರಣ್ಣನೂ ಸ್ವಲ್ಪ ತಡವಾಗಿ ನಗುತ್ತಿದ್ದ, ಆದರೆ ಒಳಗೆ ಅದು ಚುಚ್ಚುತ್ತಿತ್ತು.

ಯಜಮಾನರು ಅವನ ಹೆಗಲ ಮೇಲಿಂದ ಕಂಪ್ಯೂಟರ್ ಪರದೆಯನ್ನು ಬಗ್ಗಿ ನೋಡಿದರು.

"ಮತ್ತೆ ನಿಂತಿತಾ? ಹೋದ ಸಲಾನೇ ಆ ಟೈರ್ ಸಾಹುಕಾರ್ರು ಏನಂದ್ರು ನೆನಪಿದ್ಯಾ? 'ನಿಮ್ಮ ಮನೆ ತೊದಲುತ್ತಲ್ರೀ' ಅಂದ್ರು. ಇವತ್ತು ಐದು ಗಂಟೆಗೆ ಗಂಡ ಹೆಂಡ್ತಿ ಇಬ್ರೂ ಬರ್ತಾರೆ. ಇವತ್ತು ಒಪ್ಪಿದ್ರೆ ಕೆಲಸ ಶುರು, ಇಲ್ದಿದ್ರೆ ಬೇರೆಯವರ ಹತ್ರ ಹೋಗ್ತಾರೆ."

"ಸಾರ್, ಕಾರ್ಡು..."

"ಹಾಗಿದ್ರೆ ಬೇರೆ ಕಾರ್ಡ್ ತೆಗಿ. ಹೊಸದು ಬೇಡ, ಅದರ ಬೆಲೆಗೆ ನಾನೇ ಒಂದು ಮನೆ ಕಟ್ಟಿಸಬಹುದು. ಯಾವುದಾದ್ರೂ ಒಳ್ಳೇ ಹಳೇದನ್ನ ನೋಡು. ಯಾವುದು ಅನ್ನೋದು ನಿನಗೇ ಬಿಟ್ಟೆ. ಇವತ್ತು ಮನೆ ನಿಲ್ಲದೆ ಓಡಿದ್ರೆ ನಾಳೆ ನೀನು ಖಾಯಂ, ನೋಡ್ಕೋ."

ಬಫರಣ್ಣನ ಕಣ್ಣು ತಿರುಗಿ ಮುಗಿಯುವಷ್ಟರಲ್ಲಿ ಯಜಮಾನರು ತಮ್ಮ ಕೋಣೆ ಸೇರಿದ್ದರು.

ಅವನು ತಕ್ಷಣ ಭಾವನಿಗೆ ಫೋನ್ ಹಚ್ಚಿದ. ಅಕ್ಕನ ಗಂಡನಾದ ಈ ಭಾವ ಹಳೆಯ ಕಂಪ್ಯೂಟರ್ ಭಾಗಗಳ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಆಗ ಎರಡೇ ಕಾರ್ಡುಗಳಿದ್ದವು. ಒಂದು ಒಂಬತ್ತು ವರ್ಷ ಹಳೆಯದು, ತನ್ನ ಕಾಲದಲ್ಲಿ ರಾಜನಾಗಿ ಮೆರೆದದ್ದು. ಇನ್ನೊಂದು ಆರು ವರ್ಷದ್ದು, ಅಗ್ಗದ ಸಾಲಿನಲ್ಲಿ ಹುಟ್ಟಿದ್ದು. ಎದುರು ನಿಂತವರೊಡನೆ ಮಾತಾಡಲು ತಡವರಿಸುವ ಬಫರಣ್ಣ ಕಾರ್ಡುಗಳ ವಿಷಯ ಬಂದರೆ ಮಾತ್ರ ನಲ್ಲಿಯ ತಿರುಪು ಕಿತ್ತುಬಂದ ಹಾಗೆ ಸುರಿಯುತ್ತಿದ್ದ.

"ನೋಡಿ, ಒಂಬತ್ತು ವರ್ಷದ್ದು ಇದ್ಯಲ್ಲ, ಅದು ತಿನ್ನೋದು ಜಾಸ್ತಿ. ಬೇಗ ಬಿಸಿಯಾಗುತ್ತೆ. ಬಿಸಿಯಾದ್ರೆ ಗದ್ದಲ, ಪಕ್ಕದಲ್ಲಿ ಕೂರೋಕಾಗಲ್ಲ. ಮೆಮೊರಿನೂ ಕಮ್ಮಿ. ಆದ್ರೆ ಕೂತರೆ ಕೆಲಸ ಮುಗಿಸುತ್ತೆ... ಹೂಂ, ಆರು ವರ್ಷದ್ದೂ ಗೊತ್ತು. ತಣ್ಣಗಿರುತ್ತೆ, ಸದ್ದಿಲ್ಲ, ಮೆಮೊರಿ ಚೆನ್ನಾಗಿದೆ. ಆದ್ರೆ ಭಾರದ ಕೆಲಸ ಕೊಟ್ರೆ ಕುಂಟುತ್ತೆ. ಎಷ್ಟು ನೆನಪಿಟ್ಕೊಂಡು ಏನು ಪ್ರಯೋಜನ, ಕೈ ಓಡಬೇಕಲ್ಲ? ಒಂದನ್ನಂತೂ ಇವತ್ತೇ ತೆಗೀಬೇಕು, ಯಜಮಾನ್ರು ನನಗೇ ಬಿಟ್ಟಿದಾರೆ. ನೀವೇ ಹೇಳಿ, ಎರಡರಲ್ಲಿ ಯಾವುದನ್ನ ತೆಗೆಯೋದು?"

ಈ 'ತೆಗೆ' ಎನ್ನುವುದು ಎರಡು ಬಾಯಿಯ ಮಾತು. ಅಂಗಡಿಗೆ ಹೋಗಿ ಬಟ್ಟೆ ತೆಗೆಯುತ್ತೇವೆ, ಅದು ಮನೆಗೆ ಬರುತ್ತದೆ. ನೌಕರನನ್ನು ಕೆಲಸದಿಂದ ತೆಗೆಯುತ್ತೇವೆ, ಅವನು ಮನೆಗೆ ಹೋಗುತ್ತಾನೆ. ಇನ್ನು 'ಅದು' ಎಂದು ನಾವು ಬರೀ ವಸ್ತುವನ್ನು ಕರೆಯುತ್ತೇವೆಯೇ? ಬೆನ್ನ ಹಿಂದೆ ಆಡಿಕೊಳ್ಳುವಾಗ ಎಂಥ ದೊಡ್ಡ ಮನುಷ್ಯನೂ 'ಅದು' ಆಗಿಬಿಡುತ್ತಾನೆ.

ಕಬ್ಬಿಣದ ಬೀರುವಿನ ಹಿಂದೆ ಕಡತ ಹುಡುಕುತ್ತಿದ್ದ ಲೆಕ್ಕದಕ್ಕ ಇಷ್ಟನ್ನೂ ಕೇಳಿಸಿಕೊಂಡರು. ಕಚೇರಿಯ ಲೆಕ್ಕಪತ್ರ ನೋಡುವ ಅವರು ಅಲ್ಲಿಗೆ ಬಂದು ಆರು ವರ್ಷವಾಗಿತ್ತು. ಮಾತು ಕಡಿಮೆ, ನೆನಪು ಅಗಾಧ. ಯಾರು ಯಾವ ದಿನ ತಡವಾಗಿ ಬಂದರು ಎಂಬುದು ಅವರಿಗೆ ಬಾಯಿಪಾಠ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ತಮ್ಮ ಮೊಣಕಾಲು ಮುಟ್ಟಿ ನೋಡಿಕೊಂಡರು. ಹೋದ ತಿಂಗಳು ಮೆಟ್ಟಿಲಲ್ಲಿ ಉಳುಕಿದ ಮೊಣಕಾಲು ಅದು.

ಅವರು ನೆಟ್ಟಗೆ ನಕ್ಷೆ ಮೇಷ್ಟ್ರ ಮೇಜಿಗೆ ಹೋದರು. ಒಂಬತ್ತು ವರ್ಷದಿಂದ ಅಲ್ಲಿದ್ದ ಹಿರಿಯ ನಕ್ಷೆಗಾರರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ಏಕೆಂದರೆ ಕೇಳದಿದ್ದರೂ ಎಲ್ಲರಿಗೂ ಪಾಠ ಹೇಳುತ್ತಿದ್ದರು. ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬ ಜಗಳದಿಂದಾಗಿ ಇವರಿಬ್ಬರಿಗೂ ಬಹಳ ಕಾಲದಿಂದ ಮಾತಿರಲಿಲ್ಲ.

"ಮೇಷ್ಟ್ರೇ, ನಮ್ಮಿಬ್ಬರಲ್ಲಿ ಒಬ್ಬರನ್ನ ಇವತ್ತು ತೆಗೀತಾರಂತೆ."

ಮೇಷ್ಟ್ರು ಬಾಯಿಗಿಟ್ಟ ಬಿಸ್ಕತ್ತು ಅಲ್ಲೇ ನಿಂತಿತು. "ಯಾರು ಹೇಳಿದ್ದು?"

"ಬಫರಣ್ಣ. ತೆಗೆಯೋ ಅಧಿಕಾರ ಅವನಿಗೇ ಕೊಟ್ಟಿದಾರೆ. ಮೇಲಿನವರ್ಯಾರ ಹತ್ರಾನೋ ಫೋನಲ್ಲಿ ವರದಿ ಒಪ್ಪಿಸ್ತಿದ್ದ. ನನಗೆ ಭಾರದ ಕೆಲಸ ಕೊಟ್ರೆ ಕುಂಟುತ್ತೆ ಅಂದ."

"ನನಗೇನಂದ?"

"ತಿನ್ನೋದು ಜಾಸ್ತಿ ಅಂದ. ಬೇಗ ಬಿಸಿಯಾಗುತ್ತೆ, ಗದ್ದಲ ಮಾಡುತ್ತೆ, ಪಕ್ಕದಲ್ಲಿ ಕೂರೋಕಾಗಲ್ಲ ಅಂದ."

ಗದ್ದಲ ಮಾಡಲೆಂದೇ ಮೇಷ್ಟ್ರು ಎದ್ದು ನಿಂತರು. ತಕ್ಷಣ ನೆನಪಾಗಿ ಸದ್ದಿಲ್ಲದೆ ಕೂತರು. ಬಿಸ್ಕತ್ತಿನ ಪೊಟ್ಟಣ ಮೇಜಿನ ಖಾನೆಯೊಳಗೆ ಹೋಯಿತು.

ಅಂದಿನ ಮಧ್ಯಾಹ್ನ ಕಚೇರಿಯ ಗೋಡೆಗಳಿಗೂ ಆಶ್ಚರ್ಯವಾಗಿರಬೇಕು. ಹನ್ನೆರಡೂವರೆಗೇ ಡಬ್ಬಿ ಬಿಚ್ಚುತ್ತಿದ್ದ ಮೇಷ್ಟ್ರು ಊಟ ಮುಟ್ಟಲಿಲ್ಲ. ಫ್ಯಾನಿನ ನೇರ ಕೆಳಗೆ ಕುರ್ಚಿ ಎಳೆದುಕೊಂಡು, ಹಣೆಗೆ ಒದ್ದೆ ಕರವಸ್ತ್ರ ಹಾಕಿಕೊಂಡು, ತಣ್ಣಗೆ ಗೆರೆ ಎಳೆಯುತ್ತಾ ಕೂತರು. ಎದುರಿನ ಅಂಗಡಿಯವನು ಇವರ ಸ್ಕೂಟರಿಗೆ ಅಡ್ಡವಾಗಿ ತನ್ನ ಗಾಡಿ ನಿಲ್ಲಿಸಿದರೂ ಕಿಟಕಿಗೆ ಬಂದು ಕೈಮುಗಿದರು. ಅವನು ಹೆದರಿ ಗಾಡಿಯನ್ನು ತಾನೇ ತೆಗೆದ.

"ಮೇಷ್ಟ್ರೇ, ಮೈ ಹುಷಾರಿಲ್ವಾ?" ಎಂದು ಬಫರಣ್ಣ ಕೇಳಿದ.

"ಚೆನ್ನಾಗಿದೀನಿ ಸಾರ್," ಎಂದರು ಮೇಷ್ಟ್ರು ಪಿಸುದನಿಯಲ್ಲಿ. "ತಾವು ಊಟ ಮಾಡಿದ್ರಾ?"

ನಿನ್ನೆಯವರೆಗೆ 'ಏಯ್' ಎಂದು ಕರೆಯುತ್ತಿದ್ದ ಬಾಯಿಂದ 'ತಾವು' ಬಂದದ್ದನ್ನು ಅರಗಿಸಿಕೊಳ್ಳಲು ಬಫರಣ್ಣನ ಕಣ್ಣು ಎರಡು ಸುತ್ತು ತಿರುಗಬೇಕಾಯಿತು. ಮೇಷ್ಟ್ರಿಗೆ ಆ ಮೌನ ಬೇರೆಯೇ ಆಗಿ ಕಂಡಿತು. ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ, ಪಾಪಿ ಎಂದುಕೊಂಡರು.

ಇತ್ತ ಲೆಕ್ಕದಕ್ಕ ಭಾರದ ಕೆಲಸ ಹುಡುಕುತ್ತಿದ್ದರು. ನೀರಿನ ಕ್ಯಾನನ್ನು ಒಬ್ಬರೇ ಎತ್ತಿ ಇಟ್ಟರು. ಕಾಗದದ ಬಂಡಲುಗಳನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸಿದರು. ಬಫರಣ್ಣ ನೋಡುತ್ತಿಲ್ಲ ಎಂದು ಗೊತ್ತಾದ ಮೇಲೆ ಅವೇ ಬಂಡಲುಗಳನ್ನು ಅವನ ಮುಂದಿನಿಂದಲೇ ವಾಪಸ್ ಸಾಗಿಸಿದರು. ಕೊನೆಗೆ ಸೆರಗು ಸಿಕ್ಕಿಸಿಕೊಂಡು ಕಬ್ಬಿಣದ ಬೀರುವಿಗೇ ಕೈ ಹಾಕಿದರು.

"ಅಕ್ಕಾ, ಯಾಕೆ ಅದನ್ನ..."

"ಧೂಳು ಸಾರ್. ಹಿಂದುಗಡೆ ಗುಡಿಸಬೇಕು. ನನಗೆ ಇದೇನು ಭಾರ ಅಲ್ಲ!" ಎಂದು ಲೆಕ್ಕದಕ್ಕ ಹಲ್ಲು ಕಚ್ಚಿ ಎಳೆದರು. ಬೀರು ಗೊರಗೊರ ಸದ್ದು ಮಾಡುತ್ತಾ ಸರಿಯಿತು. ಅದರ ಕಾಲಿಗೆ ಸಿಕ್ಕಿದ್ದ ವೈರೂ ಸರಿಯಿತು. ಬಫರಣ್ಣನ ಕಂಪ್ಯೂಟರ್ ಕಣ್ಣು ಮುಚ್ಚಿತು. ಬೆಳಗಿನಿಂದ ಆ ಮನೆಗೆ ಹಾಕಿದ್ದ ಕಿಟಕಿ ಪರದೆಗಳು, ದೀಪಗಳು, ಮೆಟ್ಟಿಲ ಕಟಕಟೆ ಎಲ್ಲವೂ ಅದರ ಜೊತೆಗೇ ಹೋದವು. ಅವನು ಯಾವುದನ್ನೂ ಸೇವ್ ಮಾಡಿರಲಿಲ್ಲ.

ಬಫರಣ್ಣನಿಗೆ ಅಳು ಬಂತು. ಆದರೆ ಅದೂ ತಡವಾಗಿ ಬರುವ ಜಾತಿಯದ್ದಾದ್ದರಿಂದ ಅಷ್ಟರಲ್ಲಿ ಭಾವ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ದೊಡ್ಡ ಚೀಲ.

"ಫೋನಲ್ಲಿ ಹೋಲಿಸಿದ್ರೆ ತೀರ್ಮಾನ ಆಗಲ್ಲ ಕಣೋ," ಎಂದು ಭಾವ ಅಂಗಡಿಯ ದೊಡ್ಡ ಗಂಟಲಲ್ಲೇ ಶುರು ಮಾಡಿದ. "ಎರಡಕ್ಕೂ ಒಂದೇ ಕೆಲಸ ಕೊಡೋಣ. ಅರ್ಧ ಗಂಟೆ ಉಸಿರು ಬಿಡೋಕೆ ಬಿಡದಂಗೆ ದುಡಿಸೋಣ. ಯಾವುದು ಮೊದಲು ಸುಸ್ತಾಗುತ್ತೋ ಅದನ್ನ ನಾನು ಚೀಲಕ್ಕೆ ಹಾಕ್ಕೊಂಡು ಹೋಗ್ತೀನಿ. ಬಿಚ್ಚಿ ಮಾರಿದ್ರೂ ಏನೋ ಒಂದಿಷ್ಟು ಗಿಟ್ಟುತ್ತೆ."

ಬೀರುವಿನ ಆ ಬದಿಯಲ್ಲಿ ಮೇಷ್ಟ್ರೂ ಲೆಕ್ಕದಕ್ಕನೂ ಒಬ್ಬರ ಮುಖ ಒಬ್ಬರು ನೋಡಿದರು.

"ಚೀಲಕ್ಕಾ?" ಎಂದರು ಮೇಷ್ಟ್ರು.

"ಬಿಚ್ಚಿ ಮಾರ್ತಾರಂತೆ," ಎಂದರು ಲೆಕ್ಕದಕ್ಕ.

ಕಿಟಕಿಯ ಜಗಳ ಮರೆತುಹೋಯಿತು. ಇಬ್ಬರೂ ಒಟ್ಟಿಗೆ ಯಜಮಾನರ ಕೋಣೆಗೆ ನುಗ್ಗಿದರು.

"ಸಾರ್, ನಮ್ಮಲ್ಲಿ ಒಬ್ಬರನ್ನ ತೆಗೆಯೋದಾದ್ರೆ ಇಬ್ಬರನ್ನೂ ತೆಗೀರಿ!" ಎಂದು ಮೇಷ್ಟ್ರು ಬೆಳಗಿನಿಂದ ಅದುಮಿಟ್ಟಿದ್ದ ಅಷ್ಟೂ ಗದ್ದಲವನ್ನು ಹೊರಗೆ ಬಿಟ್ಟರು. "ಒಂಬತ್ತು ವರ್ಷ ದುಡಿದಿದೀನಿ. ತಿಂದಿದ್ರೆ ನನ್ನ ಡಬ್ಬಿ ನಾನು ತಿಂದಿದೀನಿ!"

ಯಜಮಾನರ ಕಣ್ಣು ಒಂದು ಕ್ಷಣ ಹೊಳೆಯಿತು. ಇಬ್ಬರನ್ನೂ ತೆಗೆಯಬಹುದು ಎಂಬುದು ಅವರಿಗೆ ಅದುವರೆಗೆ ತೋಚಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಅವರು ಬಫರಣ್ಣನನ್ನು ಕೂಗಿದರು. ಬಫರಣ್ಣ ಬಂದ, ಅವನ ಹಿಂದೆ ಭಾವನೂ ಬಂದ. ಬಫರಣ್ಣನ ಕಣ್ಣು ತಿರುಗುತ್ತಿರುವಾಗಲೇ ಭಾವ ಚೀಲದಿಂದ ಎರಡೂ ಕಾರ್ಡುಗಳನ್ನು ಎತ್ತಿ ಮೇಜಿನ ಮೇಲಿಟ್ಟ. "ಇದು ಒಂಬತ್ತು ವರ್ಷದ್ದು, ಇದು ಆರು ವರ್ಷದ್ದು. ಇದರಲ್ಲಿ ಒಂದನ್ನ ನೀವು ತೆಗೀತೀರಿ, ದುಡ್ಡು ಕೊಡ್ತೀರಿ. ಇಷ್ಟೇ ಸ್ವಾಮಿ ವಿಷಯ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲೆಕ್ಕದಕ್ಕನೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

"ಹಾಗಿದ್ರೆ ಅವನು ಹೇಳಿದ್ದು ಕಾರ್ಡಿನ ವಿಷಯ. ತಿನ್ನುತ್ತೆ, ಗದ್ದಲ ಮಾಡುತ್ತೆ, ಪಕ್ಕದಲ್ಲಿ ಕೂರೋಕಾಗಲ್ಲ. ಅದನ್ನ ಕೇಳಿದ ತಕ್ಷಣ ಅದು ನಾನೇ ಅಂತ ನಿಮಗೆ ಹೇಗ್ರೀ ಗೊತ್ತಾಯ್ತು?" ಎಂದು ಅವರು ಲೆಕ್ಕದಕ್ಕನನ್ನು ಕೇಳಿದರು.

ಕಿಟಕಿಯ ಜಗಳ ಅಲ್ಲಿಂದಲೇ ಮುಂದುವರಿಯಿತು.

ಗಂಟೆ ಮೂರು ದಾಟಿತ್ತು. ಕೆಲಸದ ಭಯ ಹೋದರೂ ಹಿರಿಯರಿಬ್ಬರೂ ಬಫರಣ್ಣನ ಮೇಜು ಬಿಟ್ಟು ಕದಲಲಿಲ್ಲ. ಈಗ ಅದು ಮಾನದ ಪ್ರಶ್ನೆ. ಮೇಷ್ಟ್ರು ಒಂಬತ್ತು ವರ್ಷದ ಕಾರ್ಡಿನ ಬೆನ್ನು ತಟ್ಟಿದರು. "ಅನುಭವ ಕಣಯ್ಯಾ ಅನುಭವ! ಇದರ ಮೈಕಟ್ಟು ನೋಡು." ಲೆಕ್ಕದಕ್ಕ ಚಿಕ್ಕ ಕಾರ್ಡನ್ನು ಕೈಯಲ್ಲೇ ಹಿಡಿದಿದ್ದರು. "ಪಾಪ, ಇದರ ಪಾಡಿಗೆ ಇದು ಎಷ್ಟು ಅಚ್ಚುಕಟ್ಟಾಗಿದೆ. ಮೆಮೊರಿ ಇದಕ್ಕೇ ಜಾಸ್ತಿ ಅಂತ ಅವನೇ ಹೇಳಿದಾನೆ."

"ಬರೀ ಮೆಮೊರಿ ಇದ್ರೆ ಆಗಲ್ಲ ಅಕ್ಕಾ," ಎಂದು ಭಾವ ವಿವರಿಸಿದ. "ಇದರ ಗೋದಾಮು ದೊಡ್ಡದು, ಆದ್ರೆ ಸಾಮಾನು ಸಾಗೋ ರಸ್ತೆ ಓಣಿ. ಅದರ ಗೋದಾಮು ಚಿಕ್ಕದು, ರಸ್ತೆ ಮಾತ್ರ ಹೆದ್ದಾರಿ." ಲೆಕ್ಕದಕ್ಕ ಇದನ್ನು ಸ್ವಂತಕ್ಕೇ ಹಚ್ಚಿಕೊಂಡು ಮುಖ ಊದಿಸಿಕೊಂಡರು.

ಕಳೆದುಹೋದ ಪರದೆ, ದೀಪಗಳನ್ನು ಬಫರಣ್ಣ ಪಕ್ಕದ ಕಂಪ್ಯೂಟರಿನಲ್ಲಿ ಕೂತು ಮತ್ತೆ ಹಾಕುತ್ತಿದ್ದ. ಹಾಗಾಗಿ ಮನೆಯನ್ನೇ ಓಡಿಸಿ ಪರೀಕ್ಷೆ ಮಾಡಲು ಆಗಲಿಲ್ಲ. ಭಾವ ತನ್ನದೇ ಪರೀಕ್ಷೆ ಹಚ್ಚಿದ. ಮೈತುಂಬ ರೋಮವಿರುವ ಒಂದು ಬಳೆ ಪರದೆಯ ಮೇಲೆ ಗಿರಗಿರ ತಿರುಗುತ್ತದೆ. ಒಂದೊಂದು ರೋಮವನ್ನೂ ಬರೆದು ಬರೆದು ಕಾರ್ಡು ಹೈರಾಣಾಗಬೇಕು. ಚಿಕ್ಕ ಕಾರ್ಡು ಸೆಕೆಂಡಿಗೆ ಇಪ್ಪತ್ತು ಚಿತ್ರ ಬರೆದು, ತಣ್ಣಗೆ, ಸದ್ದಿಲ್ಲದೆ, ತನಗೆ ಇಷ್ಟೇ ಆಗುವುದು ಎಂದು ತೋರಿಸಿತು. ದೊಡ್ಡದು ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಮುಚ್ಚಳ ಬಿಚ್ಚಿಟ್ಟು, ಎರಡು ಕಡೆಯಿಂದ ಕರೆಂಟು ಕೊಟ್ಟ ಮೇಲೆ ಹೂಂಕರಿಸುತ್ತಾ ಎದ್ದಿತು. ಕೋಣೆಯೆಲ್ಲ ಬಿಸಿಯಾಯಿತು, ಮೇಜಿನ ಮೇಲಿನ ಕಾಗದಗಳು ಹಾರಿದವು. ಆದರೆ ಸೆಕೆಂಡಿಗೆ ಮೂವತ್ತಾರು ಚಿತ್ರ!

"ನಾನು ಹೇಳ್ಲಿಲ್ವಾ!" ಎಂದು ಮೇಷ್ಟ್ರು ಗೆದ್ದ ಪೈಲ್ವಾನನ ಹಾಗೆ ಸುತ್ತಲೂ ನೋಡಿದರು. ಡಬ್ಬಿ ಬಿಚ್ಚಿ ಊಟಕ್ಕೆ ಕೂತರು. ಚಿಕ್ಕ ಕಾರ್ಡನ್ನು ಭಾವ ಚೀಲಕ್ಕೆ ಹಾಕಿಕೊಂಡು ಹೋಗುವಾಗ ಲೆಕ್ಕದಕ್ಕ ಬಾಗಿಲವರೆಗೂ ಹೋಗಿ ಬಂದರು.

ಐದಕ್ಕೆ ಸರಿಯಾಗಿ ಟೈರ್ ವ್ಯಾಪಾರಿಯೂ ಅವರ ಹೆಂಡತಿಯೂ ಬಂದರು. ಮನೆ ಪರದೆಯ ಮೇಲೆ ಬಂದದ್ದೂ ಆಗಲೇ. ಬಫರಣ್ಣ ಬೆವರುತ್ತಾ ಮೌಸ್ ಸರಿಸಿದ.

ಮನೆ ನಡೆಯಿತು. ನಿಲ್ಲಲಿಲ್ಲ, ತೊದಲಲಿಲ್ಲ. ಮುಂಬಾಗಿಲು ದಾಟಿ, ಹಾಲಿನಲ್ಲಿ ತಿರುಗಿ, ಮೆಟ್ಟಿಲು ಹತ್ತಿ ಇಳಿದು, ಊಟದ ಕೋಣೆಗೆ ಹೊಳೆಯ ನೀರಿನಂತೆ ಹರಿದು ಬಂತು. ಪರದೆಗಳು ಅಲುಗಿದವು, ನೆಲದಲ್ಲಿ ದೀಪದ ಬೆಳಕು ಹೊಳೆಯಿತು. ಸಾಹುಕಾರರು "ಭೇಷ್!" ಎಂದರು. ಯಜಮಾನರು ಬಫರಣ್ಣನ ಹೆಗಲ ಮೇಲೆ ಕೈಯಿಟ್ಟರು. ನಾಲ್ಕು ವರ್ಷದಲ್ಲಿ ಆ ಕೈ ಆ ಹೆಗಲ ಮೇಲೆ ಕೂತಿರಲಿಲ್ಲ. ಬಫರಣ್ಣನಿಗೆ ಎದೆ ತುಂಬಿ ಬಂತು. ಸಂಜೆ ಮನೆಗೆ ಹೋದೊಡನೆ ಅತ್ತೆಗೆ ಏನು ಹೇಳಬೇಕು ಎಂದು ಅವನು ಆಗಲೇ ಮಾತು ಜೋಡಿಸತೊಡಗಿದ್ದ.

"ಎಷ್ಟು ಚೆನ್ನಾಗಿ ಓಡುತ್ತೆ! ಕೊಡಿ, ನಾನೇ ನಡೀತೀನಿ," ಎಂದು ಸಾಹುಕಾರರ ಹೆಂಡತಿ ಮೌಸ್ ತೆಗೆದುಕೊಂಡರು. ಊಟದ ಕೋಣೆಯಲ್ಲಿ ಎಡಕ್ಕೆ ಹೋದರು, ಗೋಡೆ. ಬಲಕ್ಕೆ ಹೋದರು, ಗೋಡೆ. ಗೋಡೆಯುದ್ದಕ್ಕೂ ಸವರಿಕೊಂಡು ಹೋಗಿ ಹೊರಗಿನ ಅಂಗಳಕ್ಕೆ ಬಂದು, ಇಡೀ ಮನೆಗೆ ಒಂದು ಸುತ್ತು ಹಾಕಿ, ಮತ್ತೆ ಒಳಗೆ ಬಂದರು.

"ಅಡುಗೆಮನೆ ಎಲ್ಲಿ?"

"ಇದೇ ಗೋಡೆ ಹಿಂದೆ ಅಮ್ಮಾ," ಎಂದರು ಯಜಮಾನರು.

"ಹಿಂದೆ ಅಂತ ನನಗೂ ಗೊತ್ತು. ಒಳಗೆ ಹೋಗೋದು ಹೇಗೆ? ಬಾಗಿಲೇ ಇಲ್ವಲ್ಲ!"

ಎಲ್ಲರೂ ಬಗ್ಗಿ ನೋಡಿದರು. ಬಾಗಿಲು ಇರಲಿಲ್ಲ. ಅಡುಗೆಮನೆಗೆ ನಾಲ್ಕು ಕಡೆಯೂ ಗಟ್ಟಿ ಗೋಡೆ. ಮೇಷ್ಟ್ರು ನಕ್ಷೆಯಲ್ಲಿ ಬಾಗಿಲು ಬರೆಯುವುದನ್ನು ಮರೆತಿದ್ದರು. ಬಫರಣ್ಣ ನಕ್ಷೆಯಲ್ಲಿದ್ದ ಹಾಗೆಯೇ ಕಟ್ಟಿ, ಪಾತ್ರೆಗಳನ್ನು ಮೇಲಿನಿಂದ ಇಳಿಸಿದ್ದ. ಇದುವರೆಗೆ ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಹಿಂದಿನ ಕಾರ್ಡು ಸರಿಯಾಗಿ ಆ ಜಾಗದಲ್ಲೇ ನಿಂತುಬಿಡುತ್ತಿತ್ತು. ನಿಂತಷ್ಟು ಹೊತ್ತಿನ ಹೆಜ್ಜೆಗಳನ್ನೆಲ್ಲ ಸೇರಿಸಿ ಒಂದೇ ನೆಗೆತ ನೆಗೆಯುತ್ತಿತ್ತು. ಆ ನೆಗೆತಕ್ಕೆ ಗೋಡೆ ಲೆಕ್ಕಕ್ಕೇ ಇರಲಿಲ್ಲ. ಹೋದ ಸಲ ಎಲ್ಲರೂ ಹಾಗೆಯೇ ಗೋಡೆ ಹಾರಿ ಅಡುಗೆಮನೆಗೆ ಬಿದ್ದು, ಅಲ್ಲಿ ಪಾತ್ರೆಗಳ ಹೊಳಪನ್ನು ಮೆಚ್ಚಿ ಹೋಗಿದ್ದರು.

"ಬಾಗಿಲಿಲ್ಲದ ಅಡುಗೆಮನೆ ಕಟ್ಟಿಕೊಡ್ತೀರೇನ್ರೀ?" ಎಂದು ಸಾಹುಕಾರರು ಎದ್ದು ನಿಂತರು.

ಮೇಷ್ಟ್ರು ಮೆಲ್ಲಗೆ ಡಬ್ಬಿಯ ಮುಚ್ಚಳ ಹಾಕಿದರು. ಯಜಮಾನರು ಮಾತ್ರ ಇಂಥ ಹೊತ್ತಿಗೇ ಹುಟ್ಟಿದವರು.

"ಛೆ ಛೆ, ಬಾಗಿಲು ಇದೆ ಸಾಹುಕಾರ್ರೇ! ಈ ಕಾರ್ಡಿನಲ್ಲಿ ಕಾಣ್ತಿಲ್ಲ ಅಷ್ಟೇ. ಒಂಬತ್ತು ವರ್ಷದ ಹಳೇ ಕಾರ್ಡು ನೋಡಿ. ಮೆಮೊರಿ ಕಮ್ಮಿ. ಬಾಗಿಲು ಮರೆತುಬಿಟ್ಟಿದೆ."

"ಮೆಮೊರಿ ಕಮ್ಮಿ ಅಂತ ನಾನು ಆಗಲೇ ಹೇಳಿದ್ದೆ," ಎಂದರು ಲೆಕ್ಕದಕ್ಕ.

"ಇಂಥ ಹಾಳು ಕಾರ್ಡ್ ತಂದವರು ಯಾರು?"

ಯಜಮಾನರು, ಮೇಷ್ಟ್ರು, ಲೆಕ್ಕದಕ್ಕ, ಮೂವರ ಬೆರಳೂ ಒಟ್ಟಿಗೆ ಬಫರಣ್ಣನ ಕಡೆ ತಿರುಗಿದವು. ಬಫರಣ್ಣನಿಗೆ ಸತ್ಯ ಗೊತ್ತಿತ್ತು. ಕಾರ್ಡು ಇದ್ದದ್ದನ್ನು ಇದ್ದ ಹಾಗೆ ತೋರಿಸಿದೆ ಎಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ಅವನ ಕಣ್ಣುಗುಡ್ಡೆ ತಿರುಗತೊಡಗಿತು.

"ಇಂಥವರನ್ನೆಲ್ಲ ಕೆಲಸಕ್ಕಿಟ್ಕೊಂಡಿದೀರಾ?" ಎಂದರು ಸಾಹುಕಾರರು.

"ಇಲ್ಲ ಇಲ್ಲ, ಇವನು ನಮ್ಮವನಲ್ಲ. ಹಂಗಾಮಿ," ಎಂದರು ಯಜಮಾನರು.

ಸಾಹುಕಾರರ ಮುಖ ಸಡಿಲವಾಯಿತು. "ಹಾಗೆ ಹೇಳಿ ಮತ್ತೆ. ಹಂಗಾಮಿಯವರಿಗೆ ಜವಾಬ್ದಾರಿ ಎಲ್ಲಿಂದ ಬರಬೇಕು? ನಾಳೆ ಬೆಳಿಗ್ಗೆ ಬರ್ತೀವಿ, ಸರಿಯಾದ ಕಾರ್ಡ್ ಹಾಕಿ ಬಾಗಿಲು ತೋರಿಸಿ." ಹೆಂಡತಿ ಹೋಗುವಾಗ ಬಫರಣ್ಣನನ್ನು ನೋಡಿ ಪಾಪ ಎಂದರು. ಅವರ ಕಾರು ಬೀದಿಯ ತಿರುವು ದಾಟಿದ ಮೇಲೆ ಬಫರಣ್ಣನ ಬಾಯಿ ತೆರೆಯಿತು.

"ಕಾರ್ಡಿನ ತಪ್ಪಲ್ಲ ಸಾರ್, ನಕ್ಷೇಲೇ ಬಾಗಿಲಿಲ್ಲ."

"ಗೊತ್ತು ಮಾರಾಯಾ," ಎಂದರು ಯಜಮಾನರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದ ಮೇಲೆ ನಿಧಿ ಸಿಕ್ಕವರ ಸಂತೋಷವಿತ್ತು. "ಮೇಷ್ಟ್ರು ಬಾಗಿಲು ಬರೀತಾರೆ, ನೀನು ಕೂರಿಸು. ಈ ಕಾರ್ಡನ್ನ ಬಿಚ್ಚಿ ಮೊದಲಿನದನ್ನೇ ಹಾಕು. ಎಲ್ಲವನ್ನೂ ಅಷ್ಟು ಸ್ಪಷ್ಟವಾಗಿ ತೋರಿಸೋದು ನಮ್ಮ ಕಸುಬಿಗೆ ಒಳ್ಳೇದಲ್ಲ."

"ಸಾರ್, ಮನೆ ನಿಲ್ಲದೆ ಓಡಿತು. ನನ್ನ ಖಾಯಂ ವಿಷಯ..."

ಯಜಮಾನರು ಮತ್ತೊಮ್ಮೆ ಅವನ ಹೆಗಲ ಮೇಲೆ ಕೈಯಿಟ್ಟರು. ಈ ಸಲ ಆ ಕೈಯಲ್ಲಿ ನಿಜವಾದ ಪ್ರೀತಿಯಿತ್ತು.

"ಅದನ್ನೇ ಹೇಳೋಣ ಅಂತಿದ್ದೆ. ಇವತ್ತು ನೀನು ಹಂಗಾಮಿ ಆಗಿರದಿದ್ರೆ ಕಚೇರಿ ಮಾನ ಹೋಗ್ತಿತ್ತು. ನಿನ್ನಂಥವನು ಒಬ್ಬ ನಮಗೆ ಯಾವಾಗ್ಲೂ ಬೇಕು. ಇವತ್ತಿಂದ ಯೋಚನೆ ಬಿಡು. ನಿನ್ನ ಹಂಗಾಮಿ ಕೆಲಸ ಖಾಯಂ!"

ಬಫರಣ್ಣನ ಕಣ್ಣು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು.